ಒಂದು ಗುಟುಕು

ವಿಯೆನ್ನಾ
೧೪ ಜೂನ್ ೨೦೨೪

ನಲವತ್ತರ ಮಗಳನ್ನು ಈಗಲೂ ಬೆನ್ನ ಮೇಲೆ ಹೊತ್ತು ಬಸ್ಸು ಹತ್ತಿಸುವ ಅವ್ವನಿಗೆ, ಅನುಸೂಯಾಳ ನಮಸ್ಕಾರ.

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಸುಳ್ಳು ಹೇಳಿಬಿಡುತ್ತೇನೆ. ಅದಕ್ಕೇ ಈ ಕಾಗದ. ಸಮ್ಮೇಳನ ಮುಗಿಸಿ ಹೊಸಪೇಟೆಗೆ ಮರಳುತ್ತಿರುವ ವಿಜಯಲಕ್ಷ್ಮೀ ಮೇಡಂ ಕೈಯಲ್ಲಿ ಕೊಟ್ಟಿದ್ದೇನೆ.

ಇಲ್ಲಿ ಬಸ್ಸು ನನ್ನ ಗಾಲಿಕುರ್ಚಿ ಕಂಡರೆ ಒಂದು ಮಗ್ಗುಲಿಗೆ ಬಗ್ಗುತ್ತದೆ ಅವ್ವಾ. ಡ್ರೈವರ್ ಇಳಿದು ಬಂದು ಹಲಗೆ ಹಾಕುತ್ತಾನೆ. ನಮ್ಮ ಸಂಡೂರು ಬಸ್ಸಿನ ಕಂಡಕ್ಟರು ಹದಿನೈದು ವರ್ಷದಿಂದ 'ಹಿಂದಿನ ಗಾಡಿಗೆ ಬರ್ರಿ ಅಕ್ಕಾರ, ಅದು ಖಾಲಿ ಐತಿ' ಎನ್ನುತ್ತಾನಲ್ಲ, ಆ ಹಿಂದಿನ ಗಾಡಿ ಇದೇ ಇರಬೇಕು. ದಾರಿ ತಪ್ಪಿ ವಿಯೆನ್ನಾಕ್ಕೆ ಬಂದಿದೆ.

ನಾನು ಹೋಗಬಲ್ಲ ಶೌಚಾಲಯವೂ ಹೋದಲ್ಲೆಲ್ಲ ಇದೆ. ನಮ್ಮ ಕಾಲೇಜಿನಲ್ಲಿ ನನಗೆಂದೇ ಕಟ್ಟಿಸಿದ್ದರಲ್ಲಿ ಹಳೆಯ ಉತ್ತರಪತ್ರಿಕೆಗಳು ಕೂತಿವೆ, ಬೀಗದ ಕೈ ಜವಾನ ಜಡೆಪ್ಪನ ಹತ್ತಿರ. ಕೇಳಿದರೆ 'ತಪಾಸಣಿಯವ್ರು ಬಂದಾಗ ತೆಗಿತೀನ್ರಿ ಮೇಡಮ್ಮಾರ' ಎನ್ನುತ್ತಾನೆ. ಅವರು ಬರುವುದು ಮೂರು ವರ್ಷಕ್ಕೊಮ್ಮೆ. ಅಷ್ಟು ಹೊತ್ತು ತಡೆದುಕೊಳ್ಳುವುದು ಕಷ್ಟ.

ಇಷ್ಟಿದ್ದೂ ಇಲ್ಲಿ ನಾನು ನೀರು ಕುಡಿಯಲಿಲ್ಲ. ಕಾಲೇಜಿಗೆ ಹೊರಟರೆ ಸಂಜೆ ಮನೆ ಸೇರುವವರೆಗೆ ನೀರು ಬಂದ್ ಎಂಬುದು ಮೈಗೆ ಹತ್ತಿಬಿಟ್ಟಿದೆ. ಲೋಟ ಹಿಡಿದರೆ 'ಬಾಯಿ ತೊಯ್ದ್ರ ಸಾಕವ್ವ, ಒಂದ ಗುಟುಕು' ಎನ್ನುವ ನಿನ್ನ ದನಿ. ನಾಲ್ಕು ದಿನ ಇಲ್ಲಿಯ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು, ನಾನು ಬಾಟಲಿಯ ಮುಚ್ಚಳ ತೆರೆಯಲಿಲ್ಲ. ಐದನೆಯ ದಿನ ಮಾತಾಡುತ್ತಿದ್ದಾಗಲೇ ಕುರ್ಚಿಯಿಂದ ಜಾರಿದೆ.

ಆಸ್ಪತ್ರೆಯಲ್ಲಿದ್ದೇನೆ. ಹಂಪಿಯ ಕಲ್ಲುಗಳ ಬಗ್ಗೆ ಮಾತಾಡಲು ಬಂದವಳು ಹೊಟ್ಟೆಯಲ್ಲೂ ನಾಲ್ಕು ಇಟ್ಟುಕೊಂಡೇ ಬಂದಿದ್ದೆ. ಎಡಗಡೆಯ ಕಿಡ್ನಿ ಮುಗಿದಿದೆಯಂತೆ. ಬಲಗಡೆಯದು ಅರ್ಧ. ಎಷ್ಟು ವರ್ಷದಿಂದ ಹೀಗೆ ನೀರು ಬಿಟ್ಟಿದ್ದೀರಿ ಎಂದು ಡಾಕ್ಟರು ಕೇಳಿದರು. ಈ ಪ್ರಯಾಣದಲ್ಲಿ ಮಾತ್ರ ಎಂದೆ. ನಿಜ ಹೇಳಿದ್ದರೆ ನಿನ್ನ ಹೆಸರು ಬರುತ್ತಿತ್ತು.

ಅಳಬೇಡ. ಬಸ್ಸಿನಲ್ಲಿ ನನ್ನ ಮಾನ ಕಾಯಲು ನಿನಗೆ ಬೇರೆ ದಾರಿ ಯಾರೂ ಬಿಟ್ಟಿರಲಿಲ್ಲ.

ನಿನ್ನ ಬೆನ್ನಿನ ಭಾರ,
ಅನುಸೂಯಾ

ಮತ್ತೊಂದು ಮಾತು: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ ಎಂದೂ ಕೇಳಿದ್ದರು. ಇಲ್ಲ ಎಂದೆ. ಆಮೇಲೆ ನೆನಪಾಯಿತು. ನನ್ನನ್ನು ಒಬ್ಬಳನ್ನೇ ಬಿಟ್ಟು ಏಳಬೇಕಾದೀತೆಂದು ಅಷ್ಟು ವರ್ಷವೂ ಕಾಲೇಜಿನ ಕಟ್ಟೆಯ ಮೇಲೆ ಕೂತ ನೀನೂ ಕುಡಿದಿಲ್ಲ. 'ಕುಂತು ಕುಂತು ಬಾತಾವ' ಎನ್ನುತ್ತೀಯಲ್ಲ, ಆ ಕಾಲು ಕೂತದ್ದರಿಂದ ಬಾತಿಲ್ಲ ಅವ್ವಾ. ನೀನು ಇದನ್ನು ಓದುವ ಹೊತ್ತಿಗೆ, ನಿನ್ನನ್ನು ರಕ್ತ ಪರೀಕ್ಷೆಗೆ ಕರೆದೊಯ್ಯಲು ಮೇಡಂ ಹೊರಗೆ ಆಟೋ ನಿಲ್ಲಿಸಿಕೊಂಡಿರುತ್ತಾರೆ. ಹೊರಡುವ ಮೊದಲು ನೀರು ಕುಡಿ. ಲೋಟದ ತುಂಬ.