ಕಾಕಾನ ಕೈಯ ನಡೆ

ಭಾಲ್ಕಿ, ಗುರುವಾರ

ಚಿದ್ರಿಯ ಶಿವರಾಜಪ್ಪ ಕಾಕಾ ಅವರಿಗೆ ನಮಸ್ಕಾರಗಳು.

ನಿಮಗೊಂದು ಸುದ್ದಿ ತಿಳಿಸಲು ಬರೆಯುತ್ತಿದ್ದೇನೆ; ಅದನ್ನು ನನಗೆ ಮೊದಲು ಹೇಳಿದವರು ನಮ್ಮ ಜೊತೆ ಹಾಡುವ ಸಂತಪುರದ ಗುಂಡಮ್ಮ, ಮೊನ್ನೆ ಸೋಮವಾರ. ಭಾನುವಾರ ಅಲ್ಲಿ ನಮ್ಮ ವಚನ ಮೇಳ ಮುಗಿದ ಕೂಡಲೇ ನೀವು, "ಲಕ್ವಾ ಹೊಡೆದ ಕೈ ತಬಲಾಕ್ಕ ನಡೆಯಂಗಿಲ್ಲವ್ವ, ಬ್ಯಾರೆಯವರನ್ನ ನೋಡ್ಕೋರಿ" ಎಂದು ಬಸ್ಸು ಹತ್ತಿಬಿಟ್ಟಿರಿ. ನಾವು ಮೂವರೂ ಎಂದಿನಂತೆ ನಿಮ್ಮ ಕೈ ನೋಡಿಯೇ ಹಾಡಿದ್ದೆವು; ಅದು ನಿಧಾನವಾದಂತೆ ನಾವೂ ನಿಧಾನವಾದೆವು. "ಯಾಕ್ರಿ, ಇವತ್ತ ಇಷ್ಟ ಸಾವಕಾಶ?" ಎಂದು ಕೇಳಲು ಬಂದಿದ್ದ ಒಬ್ಬಾಕೆ ಕೇಳಿದ್ದಕ್ಕೆ ಗುಂಡಮ್ಮ, "ನಿಮ್ಗ ತಿಳೀಲಿ ಅಂತ್ರಿ" ಎಂದರಂತೆ.

ಬರುವ ಭಾನುವಾರ ಭಾಲ್ಕಿಯಲ್ಲಿ ತಾಲೀಮು ಇದೆ. ತಬಲಾ ಯಾರಿಗೂ ಕೊಡಬೇಡಿರಿ. ಗುಂಡಮ್ಮ ಹೇಳಿದ ಸುದ್ದಿ ಇದು: ಸಂತಪುರದಲ್ಲಿ ನಮ್ಮನ್ನು ಕೇಳಲು ಬಂದಿದ್ದ ಹೆಂಗಸರು ಸೋಮವಾರ ಬೆಳಿಗ್ಗೆ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ, ನಾವು ಹಾಡಿದ ವಚನವನ್ನು ನಿಮ್ಮ ಕೈಯ ಆ ನಿಧಾನ ನಡೆಯಲ್ಲೇ, ಮೊದಲ ಸಲ ಒಂದು ಸಾಲೂ ತಪ್ಪದೆ ಹಾಡಿದರಂತೆ.

ನಿಮ್ಮ ಮಗಳಂಥವಳು,
ಪ್ರಣಾಲಿ