ತೊಳೆದ ಸೌಟು

ಎರಕದ ಕಾರ್ಖಾನೆಯ ಮಹಾಪ್ರಭು ಯಜಮಾನರಿಗೆ,

ನಿಮ್ಮ ಕುಲುಮೆಯ ಹಳೆಯ ಮೇಸ್ತ್ರಿಯ ನಮಸ್ಕಾರ. ಬೇಕಾದರೆ ತೆಗೆದುಕೊಳ್ಳಿ, ಬೇಡದಿದ್ದರೆ ಬಿಡಿ.

ಆಹಾ, ಏನು ನಿಮ್ಮ ಬುದ್ಧಿ! ನಾಳೆ ಅತಿಥಿಗಳು ಬರುತ್ತಾರೆಂದು, ಕರಗಿದ ಕಬ್ಬಿಣ ಹೊರುವ ಸೌಟನ್ನು ಊಟದ ತಟ್ಟೆಯಂತೆ ನೀರಲ್ಲಿ ತೊಳೆಸಿದಿರಿ! ಒಳಗೆ ಮೆತ್ತಿದ ಮಣ್ಣು ನೀರು ಕುಡಿದಿದೆ, ಕಬ್ಬಿಣ ಬಿದ್ದರೆ ಸಿಡಿಯುತ್ತದೆ ಎಂದು ನಾನು ಕೂಗಿದೆ. "ಏಯ್ ಮುದುಕ, ನಿನ್ನ ನಾಟಕ ಸಾಕು, ಮನೆಗೆ ನಡಿ" ಎಂದು ಗುಡುಗಿದಿರಿ. ಎರಕದ ಹೊತ್ತಿಗೆ ಮೂವತ್ತು ಹೆಜ್ಜೆ ದೂರ, ಕಂಬದ ಮರೆಯಲ್ಲಿ ನಿಲ್ಲುವ ವೀರರು ತಾವು!

ಕೆಲಸ ವಾಪಸ್ ಕೇಳಲು ಬರೆಯುತ್ತಿಲ್ಲ. ಅದಕ್ಕೆ ನಿಮ್ಮ ಭಾವಮೈದುನನೇ ಸರಿ. ಅವನಿಗೆ ಉರಿ ಯಾವುದು, ಹೊಗೆ ಯಾವುದು ಎಂದೂ ತಿಳಿಯದು. ಆದರೆ ನಾಳೆ ಆ ಸೌಟಿನ ಎರಡು ಹಿಡಿಕೆಗಳಲ್ಲಿ ಒಂದನ್ನು ಹಿಡಿಯುವವನು ನನ್ನ ಅಳಿಯ. "ಯಜಮಾನ್ರು ಹೇಳಿದ್ಮೇಲೆ ಸರಿಯಾಗೇ ಇರುತ್ತೆ, ಬಿಡಿ ಮಾವ" ಅನ್ನುತ್ತಾನೆ, ದಡ್ಡ.

ಒಂದು ಗಾಡಿ ಸೌದೆ ಕಳಿಸಿದ್ದೇನೆ. ಸಂಜೆಯವರೆಗೆ ಉರಿಸಿ, ಸೌಟಿನ ಒಳಗೆಲ್ಲ ಕೆಂಪಗಾಗುವಂತೆ ಕಾಯಿಸಿ. ಹೊಳಪು ಹೋಗುತ್ತದೆ ಎನ್ನುವಿರಾದರೆ, ಕಂಬ ಬಿಟ್ಟು ಬಂದು ಇನ್ನೊಂದು ಹಿಡಿಕೆಯನ್ನು ತಾವೇ ಹಿಡಿಯಿರಿ.

ಈ ಪತ್ರ ತಂದು ನಿಮ್ಮೆದುರು ನಿಂತಿರುವವನೇ ನನ್ನ ಅಳಿಯ. ಅವನಿಗೆ ಓದು ಬಾರದು. ಉತ್ತರವನ್ನು ಅವನ ಮುಖ ನೋಡಿ ಹೇಳಿ.

ಇಂತಿ,
ನೀವು ಓಡಿಸಿದ ಮುದುಕ