ಟಾಸ್ ಹಾಕಿ ಮುಗಿಸಿದ ಫೈನಲ್

ಮಾನ್ಯ ಕ್ರೀಡಾಧಿಕಾರಿಗಳೇ,

ಕಳೆದ ಭಾನುವಾರ ನಾವು ಮುದ್ದೇಬಿಹಾಳದ ಹುಡುಗಿಯರು ಕಬಡ್ಡಿ ಫೈನಲ್ ಸೋತೆವೆಂದು ನಿಮ್ಮ ಮೈಕು ಊರಿಗೆಲ್ಲ ಸಾರಿತು. ನಾವು ಆಡಲೇ ಇಲ್ಲ. ಒಂದು ರೇಡೂ ಆಗಲಿಲ್ಲ, ಯಾರ ಮೊಣಕಾಲಿಗೂ ಮಣ್ಣು ಹತ್ತಲಿಲ್ಲ. ನೀವು ನಾಣ್ಯ ಹಾರಿಸಿದಿರಿ, ಅದು ಬಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲ್ಲೂಕಿನ ಮಹಿಳಾ ಕಬಡ್ಡಿ ಅಲ್ಲಿಗೆ ಮುಗಿಯಿತು. ಕೂಗಾಡಿಯೇ ಬರೆಯಬೇಕೆಂದು ಕೂತಿದ್ದೆ. ಈಗ ಅಷ್ಟು ತ್ರಾಣವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ಓದಿ.

ನಾನು ಮುದ್ದೇಬಿಹಾಳ ತಂಡದ ರೇಡರ್. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು. ಮಾರುಕಟ್ಟೆ ಯಾರ್ಡಿನಲ್ಲಿ ತೊಗರಿ ಹಸನು ಮಾಡುತ್ತೇನೆ. ಶಾಲೆ ಬಿಟ್ಟವರಿಗೆ ಶಾಲೆಯ ಕೂಟವೂ ಇಲ್ಲ, ಕಾಲೇಜಿನ ಕೂಟವೂ ಇಲ್ಲ. ಯಾವ ಹುಡುಗಿ ಬೇಕಾದರೂ ಆಡಬಹುದಾದ ಕೂಟ ನಮ್ಮ ಕಡೆ ಇದೊಂದೇ, ಅದೂ ವರ್ಷಕ್ಕೊಮ್ಮೆ. ಗೆದ್ದ ತಂಡ ರಾಜ್ಯ ಶಿಬಿರದ ಆಯ್ಕೆಗೆ ಹೋಗುತ್ತದೆ. ಇಪ್ಪತ್ತು ತುಂಬಿದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ನನಗೆ ಬರುವ ವರ್ಷ ಇಪ್ಪತ್ತು. ನನ್ನ ಪಾಲಿಗೆ ಇದೇ ಕೊನೆಯ ಬಾಗಿಲು.

ಬೆಳಿಗ್ಗೆ ಹತ್ತಕ್ಕೆ ನಮ್ಮ ಫೈನಲ್ ಇತ್ತು. ಅಂಕಣಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ಅಷ್ಟರಲ್ಲಿ ನಿಮ್ಮ ಸಮಿತಿಯ ಶ್ರೀಶೈಲಪ್ಪ ಕಾಕಾ ಸೀರೆಗಳ ಗಂಟು ಹಿಡಿದು ಬಂದರು.

“ಯವ್ವಾ, ಎರಡೂ ಟೀಮಿನ್ಯಾರು ಲಗೂನ ಸೀರಿ ಉಟ್ಕೋರಿ. ಅತಿಥಿಗೋಳು ಬರಾಕತ್ತಾರ. ಕುಂಭ ಹೊರಾಕ ಹೆಣ್ಮಕ್ಕಳು ಕಡಿಮಿ ಬಿದ್ದಾರ.”

“ಕಾಕಾ, ನಮ್ದು ಮ್ಯಾಚ್ ಐತ್ರಿ.”

“ಮ್ಯಾಚ್ ಎಲ್ಲಿ ಓಡಿ ಹೋಗ್ತೈತಿ? ಹತ್ತು ನಿಮಿಷದ ಕೆಲಸ.”

“ಹುಡುಗರಿಗೆ ಹೊರಸ್ರಿ. ಅವರ ಮ್ಯಾಚ್ ಸಂಜಿಕಿ ಐತಿ.”

“ಗಂಡಸ್ರು ಕುಂಭ ಹೊರ್ತಾರೇನವ್ವಾ? ಮಂದಿ ನಗ್ತಾರ.”

ಜರ್ಸಿಯ ಮೇಲೆ ಸೀರೆ ಸುತ್ತಿಕೊಂಡು, ತಲೆಯ ಮೇಲೆ ತುಂಬಿದ ಕುಂಭ ಹೊತ್ತು ಗೇಟಿನ ಬಳಿ ನಿಂತೆವು. ಬಾನುಬಿಯ ಮಗಳಾದ ನಾನು ಪೂರ್ಣಕುಂಭ ಹೊತ್ತೆನೆಂದು ಯಾರಿಗೂ ತಕರಾರಿರಲಿಲ್ಲ, ನನಗೂ ಇರಲಿಲ್ಲ. ನನ್ನ ತಕರಾರು ಹೊತ್ತಿನದು. ಅತಿಥಿಗಳು ಬಂದದ್ದು ಊಟದ ಸಮಯಕ್ಕೆ. ಆಮೇಲೆ ಭಾಷಣ. ಹೆಣ್ಣು ಗಂಡಿಗಿಂತ ಯಾವುದರಲ್ಲೂ ಕಡಿಮೆಯಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಎಷ್ಟು ಹೇಳಿದರೆಂದರೆ, ಅದನ್ನು ಆಡಿ ತೋರಿಸಲು ನಮಗೆ ಸಮಯವೇ ಉಳಿಯಲಿಲ್ಲ.

ಬಿಸಿಲು ಇಳಿಯುತ್ತಿದ್ದಂತೆ ಹುಡುಗರು ಅಂಕಣಕ್ಕೆ ಬಂದರು. ನಮ್ಮ ಆಟ ಯಾವಾಗ ಎಂದು ನಿಮ್ಮನ್ನೇ ಕೇಳಿದೆ. ನೆನಪಿದೆಯೇ? ನೀವು ಕೈಗಡಿಯಾರ ನೋಡಿಕೊಂಡಿರಿ.

“ಸಾಹೇಬ್ರು ಹೊಂಟಾರ. ಹುಡುಗ್ಯಾರದು ಟಾಸ್ ಹಾಕಿ ಮುಗಿಸೂಣು.”

“ಹಂಗಾರ ಹುಡುಗರದೂ ಟಾಸ್ ಹಾಕ್ರಿ ಸರ್.”

“ಮಂದಿ ಅದನ್ನ ನೋಡಾಕ ಬಂದಾರ ಯವ್ವಾ. ಭಾಗವಹಿಸಿದ್ದ ದೊಡ್ಡದು ಅನ್ಕೋ.”

ಯಾವುದರಲ್ಲಿ ಭಾಗವಹಿಸಿದೆವು, ಸರ್? ನಿಮ್ಮ ಸ್ವಾಗತದಲ್ಲಿ ಭಾಗವಹಿಸಿದ್ದು ನಿಜ. ಚೆನ್ನಾಗಿಯೇ ನಿಂತಿದ್ದೆವು. ಹುಡುಗರು ಇಲ್ಲಿ ಸೋತರೆ ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಆಡುತ್ತಾರೆ. ನಾವು ಎಲ್ಲಿಗೆ ಹೋಗಬೇಕು?

ಗೆದ್ದವರೆಂದು ನೀವು ಕಪ್ ಕೊಟ್ಟದ್ದು ಸಿಂದಗಿ ತಂಡದ ನಾಯಕಿ ದಾನೇಶ್ವರಿಗೆ. ಅವಳು ಬಸ್ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಬಂದು ಕೂತಳು.

“ಇದನ್ನ ಮನಿಗೆ ಒಯ್ದು ಏನಂತ ಹೇಳ್ಲಿ, ಶಾಹಿಸ್ತಾ? ನಿನ್ನ ಹಿಡಿದು ಕೆಡವಬೇಕಂತ ವರ್ಷಾನುಗಟ್ಲೆ ತಾಲೀಮ ಮಾಡೀನಿ.”

“ನಿನ್ನ ಕೈಗೆ ನಾ ಸಿಗ್ತಿರಲಿಲ್ಲ ಬಿಡು.”

“ಭಾಳ ಮಾತಾಡಬ್ಯಾಡ. ಕಾಲು ಹಿಡಿದ್ರ ಬಿಡೂದಿಲ್ಲ ನಾ.”

ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು. ಅವಳು ನನ್ನನ್ನು ಹಿಡಿಯುತ್ತಿದ್ದಳೋ ಇಲ್ಲವೋ, ಇಬ್ಬರಿಗೂ ಗೊತ್ತಿಲ್ಲ. ಗೊತ್ತಾಗಲೆಂದೇ ಅಲ್ಲವೇ ಫೈನಲ್ ಆಡುವುದು?

ಶಿಬಿರದ ಆಯ್ಕೆ ಈ ತಿಂಗಳ ಕೊನೆಗೆ. ಅದಕ್ಕಿಂತ ಮುಂಚೆ ಈ ಫೈನಲ್ ಆಡಿಸಿ. ದಾನೇಶ್ವರಿ ಕಪ್ ವಾಪಸ್ ತರುತ್ತೇನೆ ಎಂದಿದ್ದಾಳೆ. ಅವಳ ತಂಡವೂ ಒಪ್ಪಿದೆ. ಗೆರೆ ನಾವೇ ಎಳೆದುಕೊಳ್ಳುತ್ತೇವೆ, ನೀವು ಒಬ್ಬ ರೆಫ್ರಿಯನ್ನು ಕಳಿಸಿದರೆ ಸಾಕು. ಸೋತರೆ ಮರುದಿನ ಯಾರ್ಡಿಗೆ ಹೋಗಿ ಕೆಲಸಕ್ಕೆ ಕೂರುತ್ತೇನೆ, ನಿಮಗೆ ಇನ್ನೊಂದು ಕಾಗದ ಬರೆಯುವುದಿಲ್ಲ. ಆದರೆ ನನ್ನನ್ನು ಸೋಲಿಸುವುದಿದ್ದರೆ ದಾನೇಶ್ವರಿಯೇ ಸೋಲಿಸಲಿ.

ಇಂತಿ,
ಯಾರೂ ಮುಟ್ಟದೆಯೇ ಔಟಾದ
ಶಾಹಿಸ್ತಾ
ಮುದ್ದೇಬಿಹಾಳ